ಅಯಸ್ಕಾಂತವೂ ಅಮ್ಮನ ಮಂಡಿನೋವೂ

ನಮ್ಮ ತಾಯಿಯವರ ಮಂಡಿನೋವು ಹನ್ನೆರಡು ವರ್ಷಗಳಿಂದ ನಮ್ಮ ಮನೆಯಲ್ಲೇ ಬಿಡಾರ ಹೂಡಿರುವ ನೆಂಟ. ಬಂದವನು ಹೊರಡುವ ಮಾತನ್ನೇ ಆಡಲಿಲ್ಲ. ಎಣ್ಣೆ, ಬಿಸಿನೀರಿನ ಶಾಖ, ಮಾತ್ರೆ, ಕಷಾಯ, ಲೇಪ ಎಂದು ನಾವು ಮಾಡಿದ ಉಪಚಾರಗಳನ್ನೆಲ್ಲ ಸಾವಧಾನವಾಗಿ ಸ್ವೀಕರಿಸಿ, ಮಾರನೆಯ ಬೆಳಿಗ್ಗೆ ಮತ್ತೆ ಹಿತ್ತಿಲ ಮೆಟ್ಟಿಲ ಬಳಿ ಹಾಜರಾಗುತ್ತಿದ್ದ. ಹೀಗಿರುವಾಗ ಮೂರು ವರ್ಷಗಳ ಹಿಂದೆ ಒಂದು ಸಂಜೆ ಎದುರು ಮನೆಯಾಕೆ ಒಂದು ಚೀಲ ಹಿಡಿದು ಬಂದರು. ಅದರೊಳಗಿನಿಂದ ಹೊರಬಂದದ್ದು ಒಂದು ಪಟ್ಟಿ, ಅದರಲ್ಲಿ ಗುಂಡಿಗಳಂತೆ ಹೊಲಿದಿದ್ದ ಅಯಸ್ಕಾಂತದ ಚೂರುಗಳು. ಜೊತೆಗೆ, ಅಂಗೈಯಗಲದ ಎರಡು ದುಂಡು ಅಯಸ್ಕಾಂತಗಳು.

“ನೋಡಿ ಅಮ್ಮಾ, ನಮ್ಮ ರಕ್ತದಲ್ಲಿ ಕಬ್ಬಿಣ ಇರುತ್ತಲ್ಲ, ಅದನ್ನ ಇದು ಎಳೆದು ಓಡಿಸುತ್ತೆ. ನೋವು ಎಲ್ಲಿ ರಕ್ತ ನಿಂತಿದೆಯೋ ಅಲ್ಲೇ ಅಲ್ಲವೆ?” ಎಂದರು ಅವರು. ಮಾತಿನಲ್ಲಿ ಮೋಸವಿರಲಿಲ್ಲ, ಅವರ ಸೊಂಟಕ್ಕೂ ಅಂಥದೇ ಒಂದು ಪಟ್ಟಿ ಇತ್ತು. ಅಪ್ಪನ ಪಿಂಚಣಿಯಲ್ಲಿ ಕಾಲುಭಾಗ ಆ ಚೀಲಕ್ಕೆ ಹೋಯಿತು. ಹದಿನೈದು ದಿನಗಳಲ್ಲಿ ಅಮ್ಮ ಗೋಡೆ ಹಿಡಿಯದೆ ತುಳಸಿಕಟ್ಟೆಯವರೆಗೆ ಹೋಗಿಬಂದರು. ನಾನು ಕಾಲೇಜಿನಲ್ಲಿ ಚರಿತ್ರೆ ಹೇಳುವ ಕಸುಬಿನವನು. ವಿಜ್ಞಾನದ ವಿಷಯದಲ್ಲಿ ಬಾಯಿ ಹಾಕುವ ಅಧಿಕಾರ ನನಗಿಲ್ಲವೆಂದು ಸುಮ್ಮನಾದೆ. ತಾಯಿಗೆ ಹಿತವಾದದ್ದು ಮಗನಿಗೆ ಏಕೆ ಬೇಡ?

ಅದೇ ಅಯಸ್ಕಾಂತವನ್ನು ನಾನು ಇನ್ನೊಮ್ಮೆ ನೋಡಿದ್ದು ಆಸ್ಪತ್ರೆಯೊಂದರಲ್ಲಿ. ಕಳೆದ ವರ್ಷ ಅಪ್ಪನ ಎದೆಬಡಿತ ತೀರ ನಿಧಾನವಾಗಿ, ಎಡ ಕೊರಳೆಲುಬಿನ ಕೆಳಗೆ ಚರ್ಮದಡಿಯಲ್ಲಿ ಪೇಸ್‌ಮೇಕರ್ ಎಂಬ ಪುಟ್ಟ ಯಂತ್ರವನ್ನು ಇಡಬೇಕಾಯಿತು. ಮೂರು ತಿಂಗಳ ಮೇಲೆ ಅದನ್ನು ಪರೀಕ್ಷಿಸಲು ಕರೆದೊಯ್ದಾಗ, ಅಲ್ಲಿನ ತರುಣನೊಬ್ಬ ಮೇಜಿನ ಸೆಳೆಖಾನೆಯಿಂದ ಕೋಡುಬಳೆಯಂಥ ಒಂದು ಉಂಗುರವನ್ನು ತೆಗೆದು ಅಪ್ಪನ ಎದೆಯ ಮೇಲಿಟ್ಟು, ತೆರೆಯ ಮೇಲಿನ ಗೆರೆಗಳನ್ನು ನೋಡತೊಡಗಿದ. “ಇದೇನಪ್ಪಾ?” ಎಂದು ಅಪ್ಪ ಕೇಳಿದರು. “ಮ್ಯಾಗ್ನೆಟ್ ಸಾರ್.” ನಿವೃತ್ತ ಪೋಸ್ಟ್‌ಮಾಸ್ಟರರಾದ ನಮ್ಮ ತಂದೆಗೆ ನಗು ಬಂತು. “ಅಯ್ಯೋ, ನಮ್ಮನೇಲೂ ಇದೆ ಕಣಯ್ಯ ಇಂಥದು. ದಿನಾ ಸಂಜೆ ಬೀರುವಿನಿಂದ ತೆಗೆದು ಜೇಬಿನಲ್ಲಿ ಹಾಕಿಕೊಂಡು ನಮ್ಮಾಕೆಗೆ ಕೊಡೋನು ನಾನೇ.”

ತರುಣನ ಕೈ ನಿಂತಿತು. “ಯಾವ ಜೇಬು ಸಾರ್?”

ಅಪ್ಪ ಅಂಗಿಯ ಎಡ ಜೇಬನ್ನು ತೋರಿಸಿದರು. ಯಂತ್ರವಿದ್ದದ್ದು ಅದರ ಮೇಲುಗಡೆಗೇ, ನಾಲ್ಕು ಬೆರಳಿನ ಅಂತರದಲ್ಲಿ.

ತರುಣ ಒಳ್ಳೆಯವನು, ಗಾಬರಿಪಡಿಸದೆ ತಿಳಿಸಿ ಹೇಳಿದ. ಹತ್ತಿರ ಅಯಸ್ಕಾಂತ ಬಂದರೆ, ಆ ಯಂತ್ರ ಹೃದಯದ ಸ್ವಂತ ಬಡಿತವನ್ನು ಕೇಳಿ ಅದಕ್ಕೆ ಹೊಂದಿಕೊಳ್ಳುವುದನ್ನು ಬಿಟ್ಟು, ಗಡಿಯಾರದಂತೆ ಒಂದೇ ವೇಗದಲ್ಲಿ ಮಿಡಿಯಲು ತೊಡಗುತ್ತದೆ. ಆ ವೇಗವನ್ನು ನೋಡಿ ಒಳಗಿನ ಬ್ಯಾಟರಿ ಎಷ್ಟು ಉಳಿದಿದೆಯೆಂದು ತಿಳಿಯಬಹುದು. ಅದಕ್ಕಾಗಿಯೇ ಅವನು ಉಂಗುರವನ್ನಿಟ್ಟದ್ದು. ಅವನ ಮುಂದೆ ತೆರೆ ಇತ್ತು, ಬಾಗಿಲಾಚೆ ವೈದ್ಯರಿದ್ದರು, ಕ್ಷಣಾರ್ಧದಲ್ಲಿ ಉಂಗುರವನ್ನು ತೆಗೆಯಬಹುದಿತ್ತು. ನಮ್ಮ ಮನೆಯಲ್ಲಿ ಇದೊಂದೂ ಇರಲಿಲ್ಲ. ಅಯಸ್ಕಾಂತವನ್ನು ಕನಿಷ್ಠ ಹದಿನೈದು ಸೆಂಟಿಮೀಟರಾದರೂ ದೂರವಿಡಬೇಕೆಂದು ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ ಅಚ್ಚಾಗಿಯೇ ಇತ್ತು. ಆ ಕಾಗದವನ್ನು ಓದದೆ ಮಡಿಸಿ ಬೀರುವಿನಲ್ಲಿಟ್ಟವನು ನಾನು. ಅದೇ ಬೀರು, ಅಯಸ್ಕಾಂತಗಳ ಪಕ್ಕದಲ್ಲಿ.

ದೈವಕೃಪೆಯಿಂದ ಅಪ್ಪನಿಗೆ ಏನೂ ಆಗಿರಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಒಂದೇ ಕಲ್ಲು ಒಂದು ಕಡೆ ಉಪಕರಣ, ಇನ್ನೊಂದು ಕಡೆ ಅಪಾಯ. ಅಮ್ಮನ ಪಾಲಿಗೆ ಮಾತ್ರ ಔಷಧ. ಇದು ಹೇಗಾಯಿತು? ನನಗೆ ಗೊತ್ತಿರುವ ದಾರಿ ಒಂದೇ, ಹಿಂದಕ್ಕೆ ಹೋಗಿ ಹುಡುಕುವುದು. ಹುಡುಕಿದಾಗ ಸಿಕ್ಕಿದ್ದನ್ನು ಓದುಗರ ಮುಂದಿಡುತ್ತೇನೆ.

ಕಲ್ಲಿನ ಮೊದಲ ಕೆಲಸ

ಅಯಸ್ಕಾಂತವೆಂಬ ಹೆಸರಿನಲ್ಲೇ ಒಂದು ಕಥೆಯಿದೆ; ಕಬ್ಬಿಣಕ್ಕೆ ಪ್ರಿಯವಾದದ್ದು ಎಂದು ಅದರ ಅರ್ಥ. ಸುಶ್ರುತ ಸಂಹಿತೆಯಲ್ಲಿ, ಮೈಯಲ್ಲಿ ಹೊಕ್ಕ ಬಾಣದ ಮೊನೆಯೇ ಮೊದಲಾದ ಶಲ್ಯಗಳನ್ನು ಹೊರತೆಗೆಯುವ ಉಪಾಯಗಳನ್ನು ಎಣಿಸುವಾಗ, ಈ ಕಲ್ಲಿನ ಮಾತು ಬರುತ್ತದೆ. ಸುಶ್ರುತನು ಅದನ್ನು ಎಲ್ಲ ಗಾಯಗಳಿಗೂ ಹೇಳಲಿಲ್ಲವೆಂಬುದೇ ಇಲ್ಲಿ ಮುಖ್ಯ. ಮೊನೆ ನೇರವಾಗಿರಬೇಕು, ಎಲ್ಲಿಯೂ ಸಿಕ್ಕಿಕೊಂಡಿರಬಾರದು, ಅದಕ್ಕೆ ಕೊಕ್ಕೆಯಂಥ ಕಿವಿಗಳಿರಬಾರದು, ಗಾಯದ ಬಾಯಿ ಕಿರಿದಾಗಿರಬಾರದು. ಆಗ ಮಾತ್ರ ಅಯಸ್ಕಾಂತ. ಇಷ್ಟು ಷರತ್ತುಗಳನ್ನು ಹಾಕಿದವನು ಕೈಯಾರೆ ಕೆಲಸ ಮಾಡಿದವನೇ ಇರಬೇಕು.

೧೬೨೪ರಲ್ಲಿ ಯೂರೋಪಿನಲ್ಲಿ ಇದೇ ಉಪಾಯ ಇನ್ನೊಂದು ರೀತಿಯಲ್ಲಿ ಕಾಣಿಸಿಕೊಂಡಿತು. ಫ್ಯಾಬ್ರಿಸಿಯಸ್ ಹಿಲ್ಡೇನಸ್ ಎಂಬ ಹೆಸರಾಂತ ಶಸ್ತ್ರವೈದ್ಯ, ಒಬ್ಬನ ಕಣ್ಣಿನಲ್ಲಿ ಸಿಕ್ಕಿದ ಕಬ್ಬಿಣದ ಚೂರನ್ನು ತೆಗೆಯಲಾರದೆ ಸೋತು ಕುಳಿತಿದ್ದ. ಅಯಸ್ಕಾಂತವನ್ನು ಹಿಡಿದು ನೋಡಬಾರದೇಕೆ ಎಂದು ಸೂಚಿಸಿದವಳು ಅವನ ಹೆಂಡತಿ ಮರಿ ಕೊಲಿನೆ. ಚೂರು ಹೊರಬಂತು. ಆಕೆ ತಾನೂ ಸೂಲಗಿತ್ತಿಯಾಗಿ, ಶಸ್ತ್ರವೈದ್ಯದಲ್ಲಿ ನುರಿತವಳಾಗಿದ್ದಳು. ಆದರೂ ವೈದ್ಯನ ಕೋಣೆಯ ಸಮಸ್ಯೆಯನ್ನು ಅವನ ಮನೆಯವಳು ಬಿಡಿಸಿದಳೆಂದು ಹೇಳಲು ನನಗೆ ಸಂತೋಷವಾಗುತ್ತದೆ. ಅಮ್ಮನಿಗೆ ಈ ಕಥೆ ಹೇಳಿದಾಗ, “ಗಂಡಸರಿಗೆ ಕೊನೇಲಿ ಹೊಳೆಯೋದು ನಮಗೆ ಮೊದಲೇ ಹೊಳೆದಿರುತ್ತೆ” ಎಂದರು.

ಇವೆರಡು ಸಂದರ್ಭಗಳಲ್ಲಿಯೂ ಅಯಸ್ಕಾಂತ ಮಾಡಿದ್ದು ತನಗೆ ಬರುವ ಒಂದೇ ಕೆಲಸವನ್ನು: ಕಬ್ಬಿಣವನ್ನು ಎಳೆಯುವುದು. ಕಬ್ಬಿಣವನ್ನು ಎಳೆಯುವ ಕಲ್ಲು ರೋಗವನ್ನೇಕೆ ಎಳೆಯಬಾರದು ಎಂಬ ಪ್ರಶ್ನೆ ಹುಟ್ಟಿದಲ್ಲಿಂದ ಬೇರೆ ಕಥೆ ಆರಂಭವಾಗುತ್ತದೆ. ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ ೧೬೦೦ರಲ್ಲಿ ಅಯಸ್ಕಾಂತವನ್ನು ಕುರಿತು ತನ್ನ ದೊಡ್ಡ ಗ್ರಂಥವನ್ನು ಪ್ರಕಟಿಸಿದಾಗ, ಬೆಳ್ಳುಳ್ಳಿ ಸವರಿದರೆ ಅದರ ಶಕ್ತಿ ಹೋಗುತ್ತದೆಂಬಂಥ ಹಳೆಯ ನಂಬಿಕೆಗಳನ್ನು ಪ್ರಯೋಗ ಮಾಡಿ ಅಲ್ಲಗಳೆದ. ಭೂಮಿಯೇ ಒಂದು ದೊಡ್ಡ ಅಯಸ್ಕಾಂತವೆಂದು ತೋರಿಸಿದ. ಆದರೆ ಕಲ್ಲಿನ ಮಹಿಮೆಯ ಮೇಲಿನ ನಂಬಿಕೆ ಒಂದು ಪುಸ್ತಕದಿಂದ ಹೋಗುವಂಥದಲ್ಲ.

ವಿಯೆನ್ನಾದ ಮನೆ, ಪ್ಯಾರಿಸಿನ ತೊಟ್ಟಿ

ಫ್ರಾಂಟ್ಸ್ ಆಂಟನ್ ಮೆಸ್ಮರ್ ಹುಟ್ಟಿದ್ದು ೧೭೩೪ರಲ್ಲಿ, ಕಾನ್‌ಸ್ಟನ್ಸ್ ಸರೋವರದ ಬಳಿಯ ಇಜ್ನಾಂಗ್ ಎಂಬ ಹಳ್ಳಿಯಲ್ಲಿ. ವಿಯೆನ್ನಾದಲ್ಲಿ ವೈದ್ಯವನ್ನು ಕಲಿತ. ಗ್ರಹಗಳು ಮನುಷ್ಯದೇಹದ ಮೇಲೆ ಬೀರುವ ಪ್ರಭಾವವನ್ನು ಕುರಿತು ೧೭೬೬ರಲ್ಲಿ ಪ್ರಬಂಧ ಬರೆದು ಪದವಿ ಪಡೆದ. ಸಿರಿವಂತ ವಿಧವೆಯೊಬ್ಬಳನ್ನು ಮದುವೆಯಾಗಿ ದೊಡ್ಡ ಮನೆಯ ಯಜಮಾನನಾದ. ಆ ಮನೆಯಲ್ಲಿಯೇ ಇದ್ದ ಓಸ್ಟರ್ಲಿನ್ ಎಂಬ ತರುಣಿಗೆ ಮೂರ್ಛೆ, ತಲೆನೋವು, ವಾಂತಿ ಮೊದಲಾದ ನಾನಾ ಉಪದ್ರವಗಳು. ೧೭೭೪ರಲ್ಲಿ ಮೆಸ್ಮರ್ ಅವಳಿಗೆ ಮೊದಲು ಕಬ್ಬಿಣ ಬೆರೆಸಿದ ಔಷಧ ಕುಡಿಸಿ, ಆಮೇಲೆ ಹೊಟ್ಟೆಯ ಮೇಲೂ ಕಾಲುಗಳ ಮೇಲೂ ಅಯಸ್ಕಾಂತಗಳನ್ನು ಕಟ್ಟಿದ. ಅವುಗಳನ್ನು ಮಾಡಿಸಿಕೊಟ್ಟವನು ಖಗೋಳಶಾಸ್ತ್ರಜ್ಞನಾದ ಜೆಸ್ಯೂಟ್ ಪಾದ್ರಿ ಮ್ಯಾಕ್ಸಿಮಿಲಿಯನ್ ಹೆಲ್. ಮೈಯೊಳಗೆ ಏನೋ ಹರಿದುಹೋದಂತಾಯಿತೆಂದು ಹುಡುಗಿ ಹೇಳಿದಳು, ಉಪದ್ರವ ಇಳಿಯಿತು.

ಈಗ ಜಗಳ ಹುಟ್ಟಿತು. ಗುಣ ಅಯಸ್ಕಾಂತದ್ದು ಎಂದ ಪಾದ್ರಿ. ಅಲ್ಲ, ಅದು ನೆಪಮಾತ್ರ. ವಿಶ್ವವನ್ನೆಲ್ಲ ತುಂಬಿರುವ ಸೂಕ್ಷ್ಮದ್ರವವೊಂದಿದೆ, ಅದು ನನ್ನ ಕೈಯಿಂದ ರೋಗಿಗೆ ಹರಿಯುತ್ತದೆ ಎಂದ ಮೆಸ್ಮರ್. ಅದಕ್ಕೆ ಪ್ರಾಣಿ-ಅಯಸ್ಕಾಂತತೆ ಎಂದು ಹೆಸರಿಟ್ಟ. ಗಮನಿಸಬೇಕಾದದ್ದೇನೆಂದರೆ, ಕಲ್ಲಿನಲ್ಲಿ ಗುಣವಿದ್ದರೆ ಯಾರು ಬೇಕಾದರೂ ಕೊಂಡು ಮನೆಯಲ್ಲಿ ಕಟ್ಟಿಕೊಳ್ಳಬಹುದು. ಕೈಯಲ್ಲಿ ಗುಣವಿದ್ದರೆ ಆ ಕೈಯ ಬಳಿಗೇ ಹೋಗಬೇಕು. ಮನೆಯೋ ವೈದ್ಯನ ಕೋಣೆಯೋ ಎಂಬ ವಾದದ ಬೀಜ ಅಲ್ಲಿಯೇ ಬಿತ್ತು.

ಕುರುಡಿಯಾದ ಪ್ರಸಿದ್ಧ ಪಿಯಾನೋ ವಾದಕಿಯೊಬ್ಬಳ ಚಿಕಿತ್ಸೆ ರಂಪಕ್ಕೆ ಎಡೆಯಾಗಿ, ಮೆಸ್ಮರ್ ವಿಯೆನ್ನಾ ಬಿಟ್ಟು ೧೭೭೮ರಲ್ಲಿ ಪ್ಯಾರಿಸಿಗೆ ಬಂದ. ಅಲ್ಲಿ ಅವನ ಚಿಕಿತ್ಸಾಶಾಲೆ ಒಂದು ನಾಟಕಶಾಲೆಯೇ ಆಯಿತು. ನಡುವೆ ಓಕ್ ಮರದ ಮುಚ್ಚಿದ ತೊಟ್ಟಿ. ಒಳಗೆ ನೀರು ತುಂಬಿದ ಶೀಷೆಗಳು, ಕಬ್ಬಿಣದ ಪುಡಿ. ಮುಚ್ಚಳದಿಂದ ಹೊರಬಂದ ಬಾಗಿದ ಸಲಾಕೆಗಳು. ಸುತ್ತ ಕುಳಿತ ರೋಗಿಗಳು ಆ ಸಲಾಕೆಗಳನ್ನು ನೋವಿದ್ದ ಜಾಗಕ್ಕೆ ತಾಕಿಸಿಕೊಳ್ಳುವರು; ಒಂದೇ ಹಗ್ಗ ಎಲ್ಲರನ್ನೂ ಬಳಸಿರುವುದು. ಪಕ್ಕದಲ್ಲಿ ಗಾಜಿನ ಹಾರ್ಮೋನಿಕದ ಇಂಪು ಸ್ವರ. ಸ್ವಲ್ಪ ಹೊತ್ತಿನಲ್ಲಿ ಒಬ್ಬಳು ಕೆಮ್ಮುವಳು, ಇನ್ನೊಬ್ಬಳು ನಗುವಳು, ಮತ್ತೊಬ್ಬಳು ಸೆಳೆತ ಬಂದು ಬೀಳುವಳು. ಒಬ್ಬಳು ಬಿದ್ದೊಡನೆ ಉಳಿದವರೂ ಬೀಳತೊಡಗುವರು. ನಮ್ಮ ಕಡೆಯ ಜಾತ್ರೆಗಳಲ್ಲಿ ಮೈಮೇಲೆ ಬರುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಫ್ರಾಂಕ್ಲಿನ್ನನ ತೋಟದಲ್ಲಿ

ಪ್ಯಾರಿಸಿನಲ್ಲಿ ಈ ಹುಚ್ಚು ಎಷ್ಟು ಹಬ್ಬಿತೆಂದರೆ ೧೭೮೪ರಲ್ಲಿ ದೊರೆ ಹದಿನಾರನೆಯ ಲೂಯಿ ಒಂದು ವಿಚಾರಣಾ ಸಮಿತಿಯನ್ನು ನೇಮಿಸಿದ. ರಸಾಯನಶಾಸ್ತ್ರದ ಲವ್ವಾಸಿಯೆ, ಖಗೋಳಶಾಸ್ತ್ರದ ಬೈಯಿ, ಮುಂದೆ ಶಿರಚ್ಛೇದನ ಯಂತ್ರಕ್ಕೆ ಹೆಸರು ಬಂದ ವೈದ್ಯ ಗಿಯೊಟಿನ್ ಎಲ್ಲರೂ ಅದರಲ್ಲಿದ್ದರು. ಅವರ ಹಿರಿಯ, ಅಮೆರಿಕದ ರಾಯಭಾರಿಯಾಗಿ ಅಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್; ವಯಸ್ಸು ೭೮. ಮೆಸ್ಮರ್ ವಿಚಾರಣೆಗೆ ಒಪ್ಪಲಿಲ್ಲ. ಅವನ ಶಿಷ್ಯನಾದ ವೈದ್ಯ ದೆಲೋನ್ ಒಪ್ಪಿದ. ಸಮಿತಿಯವರು ತಾವೇ ವಾರಕ್ಕೊಮ್ಮೆ ಹೋಗಿ ತೊಟ್ಟಿಯ ಸುತ್ತ ಕುಳಿತರು. ಏನೂ ಆಗಲಿಲ್ಲ.

ಫ್ರಾಂಕ್ಲಿನ್ನನಿಗೆ ಮೂತ್ರದ ಕಲ್ಲಿನ ಬಾಧೆ, ಗಾಡಿಯಲ್ಲಿ ಓಡಾಡುವಂತಿರಲಿಲ್ಲ. ಆದುದರಿಂದ ಕೆಲವು ಪರೀಕ್ಷೆಗಳನ್ನು ಪ್ಯಾರಿಸಿನ ಹೊರಗೆ ಪಾಸಿಯಲ್ಲಿದ್ದ ಅವನ ಮನೆಯಲ್ಲಿಯೇ ನಡೆಸಿದರು. ಚರಿತ್ರೆಯಲ್ಲಿ ಇಂಥ ಆಕಸ್ಮಿಕಗಳ ಬೆಲೆ ದೊಡ್ಡದು. ತೊಟ್ಟಿಯಿಲ್ಲ, ಹಗ್ಗವಿಲ್ಲ, ಸಂಗೀತವಿಲ್ಲ, ಬೀಳುವವರನ್ನು ನೋಡಿ ಬೀಳುವ ಗುಂಪೂ ಇಲ್ಲ. ಚಿಕಿತ್ಸಾಶಾಲೆಯಿಂದ ಚಿಕಿತ್ಸೆಯನ್ನು ಬೇರ್ಪಡಿಸಿ ನೋಡುವ ಅವಕಾಶ ಒಬ್ಬ ಮುದುಕನ ಕಾಯಿಲೆಯಿಂದ ದೊರೆಯಿತು.

ತೋಟದಲ್ಲಿ ದೆಲೋನ್ ಒಂದು ಜರ್ದಾಳು ಮರಕ್ಕೆ ಶಕ್ತಿ ತುಂಬಿದ. ಅವನೇ ಆರಿಸಿ ತಂದಿದ್ದ ಹನ್ನೆರಡು ವರ್ಷದ ಹುಡುಗನೊಬ್ಬನ ಕಣ್ಣು ಕಟ್ಟಿ, ಒಂದಾದಮೇಲೊಂದರಂತೆ ಬೇರೆ ನಾಲ್ಕು ಮರಗಳನ್ನು ತಬ್ಬಿಸಿದರು. ಮೊದಲ ಮರದ ಬಳಿಯೇ ಹುಡುಗ ಬೆವರಿ ಕೆಮ್ಮಿದ. ನಾಲ್ಕನೆಯದರ ಬಳಿ ಮೂರ್ಛೆ ಹೋದ. ಶಕ್ತಿ ತುಂಬಿದ ಮರ ಇನ್ನೂ ದೂರದಲ್ಲಿತ್ತು! ಎಲ್ಲ ಮರಗಳಲ್ಲಿಯೂ ಸ್ವಭಾವವಾಗಿಯೇ ಸ್ವಲ್ಪ ಶಕ್ತಿ ಇರುತ್ತದೆಂದು ದೆಲೋನ್ ಸಮಜಾಯಿಷಿ ಹೇಳಿದ. ಹಾಗಾದರೆ ಇಂಥವರು ಯಾವ ತೋಟದಲ್ಲಿಯೂ ಓಡಾಡುವಂತಿಲ್ಲವಲ್ಲ ಎಂದರು ಸಮಿತಿಯವರು. ಇನ್ನೊಬ್ಬ ಹೆಂಗಸಿಗೆ, ಬಾಗಿಲ ಹೊರಗೆ ದೆಲೋನ್ ನಿಂತು ಶಕ್ತಿ ಹರಿಸುತ್ತಿದ್ದಾನೆಂದು ಹೇಳಿದರು. ಅಲ್ಲಿ ಅವನಿರಲಿಲ್ಲ, ಮೂರು ನಿಮಿಷಗಳಲ್ಲಿ ಆಕೆಗೆ ಸೆಳೆತ ಬಂತು. ಮತ್ತೊಬ್ಬಳು ಬರಿಯ ನೀರಿನ ಬಟ್ಟಲಿಗೆ ತತ್ತರಿಸಿ, ಆಮೇಲೆ ಶಕ್ತಿ ತುಂಬಿದ ಬಟ್ಟಲಿನ ನೀರನ್ನು ತಿಳಿಯದೆ ಶಾಂತವಾಗಿ ಕುಡಿದಳು.

ಸಮಿತಿಯ ತೀರ್ಪಿನ ಸಾರ ಇಷ್ಟೆ: ಅಯಸ್ಕಾಂತತೆ ಇಲ್ಲದೆ ಕಲ್ಪನೆಯೊಂದೇ ಸೆಳೆತವನ್ನು ಹುಟ್ಟಿಸಬಲ್ಲದು, ಕಲ್ಪನೆಯಿಲ್ಲದೆ ಅಯಸ್ಕಾಂತತೆ ಏನನ್ನೂ ಮಾಡಲಾರದು. ಈ ತೀರ್ಪಿಗಿಂತ ನನಗೆ ಹೆಚ್ಚು ಕಾಡಿದ್ದು ದೆಲೋನ್ ಎತ್ತಿದ ಒಂದು ಪ್ರಶ್ನೆ. ಕಲ್ಪನೆಯ ವೈದ್ಯವೇ ಎಲ್ಲಕ್ಕಿಂತ ಒಳ್ಳೆಯದಾದರೆ, ಅದನ್ನೇ ಏಕೆ ಮಾಡಬಾರದು ಎಂಬರ್ಥದ ಮಾತನ್ನು ಅವನು ಆಡಿದ್ದ. ಅದಕ್ಕೆ ಇಂದಿಗೂ ಸುಲಭವಾದ ಉತ್ತರವಿಲ್ಲ.

ಅಂಚೆಯಲ್ಲಿ ಬಂದ ವೈದ್ಯ

ಮೆಸ್ಮರನ ತೊಟ್ಟಿಗೆ ಜನ ಹೋಗಬೇಕಾಗಿತ್ತು. ಹನ್ನೆರಡು ವರ್ಷಗಳ ಮೇಲೆ ಅಮೆರಿಕದ ಕನೆಕ್ಟಿಕಟ್ಟಿನ ವೈದ್ಯ ಎಲೈಷಾ ಪರ್ಕಿನ್ಸ್ ಅದನ್ನು ತಿರುವುಮುರುವು ಮಾಡಿದ: ಚಿಕಿತ್ಸೆಯೇ ಜನರ ಮನೆಗೆ ಬಂತು. ೧೭೯೬ರಲ್ಲಿ ಅವನು ಸನ್ನದು ಪಡೆದದ್ದು ಮೂರು ಅಂಗುಲ ಉದ್ದದ ಎರಡು ಲೋಹದ ಕಡ್ಡಿಗಳಿಗೆ; ಒಂದು ಹಿತ್ತಾಳೆಯ ಬಣ್ಣ, ಇನ್ನೊಂದು ಉಕ್ಕಿನ ಬಣ್ಣ. ಟ್ರ್ಯಾಕ್ಟರ್ ಎಂದು ಅವುಗಳ ಹೆಸರು. ಉಳುವ ಯಂತ್ರವಲ್ಲ, ನೋವನ್ನು ಎಳೆದು ತೆಗೆಯುವ ಕಡ್ಡಿ. ನೋವಿದ್ದ ಕಡೆ ಇಪ್ಪತ್ತು ನಿಮಿಷ ಸವರಿದರೆ ಸಾಕು. ಅವು ಅಯಸ್ಕಾಂತಗಳಲ್ಲದಿದ್ದರೂ ಅದೇ ಭಾವನೆಯ ಮಕ್ಕಳು. ಬೆಲೆ ಅಮೆರಿಕದಲ್ಲಿ ೨೫ ಡಾಲರು. ಮಗ ಬೆಂಜಮಿನ್ ಲಂಡನ್ನಿಗೆ ಒಯ್ದು ಐದು ಗಿನಿಗಳಿಗೆ ಮಾರಿದ. ೧೭೯೭ರಲ್ಲಿ ಕನೆಕ್ಟಿಕಟ್ಟಿನ ವೈದ್ಯಸಂಘ ಪರ್ಕಿನ್ಸನನ್ನು ಹೊರಗೆ ಹಾಕಿತು. ಅವನು ಬರಿಯ ಮೋಸಗಾರನೆನ್ನಲು ನನಗೆ ಮನಸ್ಸು ಬಾರದು. ೧೭೯೯ರಲ್ಲಿ ನ್ಯೂಯಾರ್ಕಿನಲ್ಲಿ ಹಳದಿ ಜ್ವರ ಹಬ್ಬಿದ್ದಾಗ, ತನ್ನದೇ ಒಂದು ಔಷಧವನ್ನು ಹಿಡಿದು ರೋಗಿಗಳ ನಡುವೆ ಹೋಗಿ ಅಲ್ಲಿಯೇ ಸತ್ತ.

ಅದೇ ವರ್ಷ ಇಂಗ್ಲೆಂಡಿನ ಬಾತ್ ನಗರದಲ್ಲಿ ಜಾನ್ ಹೇಗಾರ್ತ್ ಎಂಬ ವೈದ್ಯ ಮರದಲ್ಲಿ ಅಂಥದೇ ಕಡ್ಡಿಗಳನ್ನು ಮಾಡಿಸಿ, ಲೋಹದ ಬಣ್ಣ ಬಳಿಸಿದ. ಬಹುಕಾಲದಿಂದ ಕೀಲುವಾಯುವಿನಿಂದ ನರಳುತ್ತಿದ್ದ ಐವರು ರೋಗಿಗಳನ್ನು ಅವುಗಳಿಂದ ಸವರಿದಾಗ ನಾಲ್ವರು ತಮಗೆ ಹಿತವಾಯಿತೆಂದರು. ಮಾರನೆಯ ದಿನ ನಿಜವಾದ ಕಡ್ಡಿಗಳಿಂದ ಸವರಿದರೂ ಫಲ ಅಷ್ಟೇ. ಐದು ಗಿನಿಯ ಲೋಹಕ್ಕೂ ಬಡಗಿಯ ಚಕ್ಕೆಗೂ ವ್ಯತ್ಯಾಸವಿರಲಿಲ್ಲ. ಇದನ್ನು ಓದುತ್ತಿದ್ದಾಗ ಹೇಗಾರ್ತನ ರೋಗಿಗಳಲ್ಲಿ ನನಗೆ ಅಮ್ಮ ಕಂಡರು. ಅವರು ಸುಳ್ಳು ಹೇಳಲಿಲ್ಲ, ಹಿತವಾದದ್ದು ನಿಜ. ಕಾರಣ ಮಾತ್ರ ಕಡ್ಡಿಯಲ್ಲಿರಲಿಲ್ಲ.

ಆಮೇಲೂ ಈ ವ್ಯಾಪಾರ ನಿಂತಿತೆಂದಲ್ಲ. ೧೮೮೦ರ ದಶಕದಲ್ಲಿ ಶಿಕಾಗೋದ ಥ್ಯಾಚರ್ ಎಂಬಾತ ಅಯಸ್ಕಾಂತ ಹೊಲಿದ ಪಟ್ಟಿ, ಅಂಗಿ, ಪಾದರಕ್ಷೆಯ ಒಳಹಾಸುಗಳನ್ನು ಅಂಚೆಯ ಮೂಲಕ ಮಾರುತ್ತಿದ್ದ. ರಕ್ತದಲ್ಲಿ ಕಬ್ಬಿಣವಿದೆ ಎಂಬುದೇ ಅವನ ವಾದಕ್ಕೂ ಆಧಾರ. ನಮ್ಮ ಎದುರು ಮನೆಯಾಕೆ ನೂರನಲವತ್ತು ವರ್ಷ ಹಳೆಯ ಜಾಹೀರಾತನ್ನು ಅಚ್ಚಗನ್ನಡದಲ್ಲಿ ಹೇಳಿದ್ದರು!

ಹೂಗ್ಲಿಯ ಆಸ್ಪತ್ರೆ

ಈ ಕಥೆಯ ಒಂದು ಕೊಂಬೆ ಭಾರತಕ್ಕೂ ಚಾಚಿದೆ. ೧೮೪೫ರ ಏಪ್ರಿಲಿನಲ್ಲಿ ಬಂಗಾಳದ ಹೂಗ್ಲಿಯಲ್ಲಿ, ಜೇಮ್ಸ್ ಎಸ್‌ಡೇಲ್ ಎಂಬ ಸ್ಕಾಟ್ ಶಸ್ತ್ರವೈದ್ಯ, ಅಂಡವೃದ್ಧಿಯಿಂದ ನರಳುತ್ತಿದ್ದ ಕೈದಿಯೊಬ್ಬನ ಮೇಲೆ ಮೆಸ್ಮರನ ರೀತಿಯಲ್ಲಿ ಕೈಯಾಡಿಸಿ, ನೋವಿನ ಅರಿವಿಲ್ಲದಂತೆ ಮಾಡಿದ. ಅರಿವಳಿಕೆಯ ಔಷಧವಿಲ್ಲದ ಕಾಲ ಅದು. ಶಸ್ತ್ರಚಿಕಿತ್ಸೆಯೆಂದರೆ ನಾಲ್ಕು ಜನ ಹಿಡಿದುಕೊಂಡು ಕೊಯ್ಯುವುದೇ ಆಗಿತ್ತು. ಎಸ್‌ಡೇಲ್ ತನ್ನ ಆಸ್ಪತ್ರೆಯ ಭಾರತೀಯ ಸಹಾಯಕರಿಗೆ ಈ ವಿದ್ಯೆ ಕಲಿಸಿದ. ಕತ್ತಲ ಕೋಣೆಯಲ್ಲಿ ಅವರು ಗಂಟೆಗಟ್ಟಲೆ ರೋಗಿಯ ಮೇಲೆ ಕೈಯಾಡಿಸುತ್ತಿದ್ದರು. ಸರಕಾರದ ಸಮಿತಿ ಪರೀಕ್ಷಿಸಿದ ಮೇಲೆ ೧೮೪೬ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಒಂದು ವರ್ಷಕಾಲ ಪುಟ್ಟ ಆಸ್ಪತ್ರೆಯೊಂದನ್ನೇ ಅವನಿಗೆ ವಹಿಸಿಕೊಟ್ಟರು.

ಆದರೆ ಅದಕ್ಕೆ ಹಿಂದಿನ ತಿಂಗಳೇ ಬಾಸ್ಟನ್ನಿನಲ್ಲಿ ಈಥರನ್ನು ಬಹಿರಂಗವಾಗಿ ಪ್ರಯೋಗಿಸಿ ತೋರಿಸಿದ್ದರು. ೧೮೪೭ರಲ್ಲಿ ಕ್ಲೋರೊಫಾರಂ ಬಂತು. ಗಂಟೆಗಟ್ಟಲೆ ಕೈಯಾಡಿಸುವ ಬದಲು ನಾಲ್ಕು ಉಸಿರು ಸಾಕಾಯಿತು. ಅಷ್ಟರಲ್ಲಾಗಲೇ ಮ್ಯಾಂಚೆಸ್ಟರಿನ ಜೇಮ್ಸ್ ಬ್ರೇಡ್, ಇದರಲ್ಲಿ ಯಾವ ದ್ರವವೂ ಇಲ್ಲ, ಇರುವುದು ರೋಗಿಯ ಏಕಾಗ್ರವಾದ ಮನಸ್ಸು ಎಂದು ವಾದಿಸಿ, ೧೮೪೩ರ ತನ್ನ ಪುಸ್ತಕದಲ್ಲಿ ಹಿಪ್ನಾಟಿಸಂ ಎಂಬ ಹೆಸರನ್ನು ಬಳಕೆಗೆ ತಂದಿದ್ದ. ಕಲ್ಲಿನಿಂದ ಕೈಗೆ, ಕೈಯಿಂದ ಮನಸ್ಸಿಗೆ: ಮೆಸ್ಮರನ ಅಯಸ್ಕಾಂತ ಎಪ್ಪತ್ತು ವರ್ಷಗಳಲ್ಲಿ ಇಷ್ಟು ದೂರ ನಡೆದಿತ್ತು.

ನಿಂತ ಅಯಸ್ಕಾಂತ, ಮಿಡಿಯುವ ಅಯಸ್ಕಾಂತ

ಹಾಗಾದರೆ ಅಯಸ್ಕಾಂತಕ್ಕೆ ದೇಹದ ಮೇಲೆ ಏನೂ ಅಧಿಕಾರವಿಲ್ಲವೆ? ಇದೆ; ಆದರೆ ಅದು ಪಟ್ಟಿಯಲ್ಲಿ ಹೊಲಿದಿರುವಂಥದಲ್ಲ. ಮೈಕೆಲ್ ಫ್ಯಾರಡೆ ೧೮೩೧ರಲ್ಲಿ ತೋರಿಸಿದ ಸತ್ಯವನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ: ಸುಮ್ಮನೆ ಇಟ್ಟ ಅಯಸ್ಕಾಂತ ತಂತಿಯಲ್ಲಿ ವಿದ್ಯುತ್ತನ್ನು ಹುಟ್ಟಿಸದು, ಬದಲಾಗುತ್ತಿರುವ ಅಯಸ್ಕಾಂತಕ್ಷೇತ್ರ ಹುಟ್ಟಿಸುತ್ತದೆ. ನಮ್ಮ ನರಗಳು ಕೆಲಸ ಮಾಡುವುದು ವಿದ್ಯುತ್ತಿನಿಂದ. ಆದುದರಿಂದ ತಲೆಯ ಬಳಿ ಅಯಸ್ಕಾಂತಕ್ಷೇತ್ರವನ್ನು ತಟ್ಟನೆ ಹುಟ್ಟಿಸಿ ತಟ್ಟನೆ ಅಳಿಸಿದರೆ ಮಿದುಳಿನ ಮೇಲ್ಪದರದ ನರಗಳು ಎಚ್ಚರಗೊಳ್ಳಬೇಕು. ೧೮೯೬ರಲ್ಲಿ ಫ್ರಾನ್ಸಿನ ದಾರ್ಸೊನ್ವಾಲ್ ದೊಡ್ಡ ಸುರುಳಿಯೊಳಗೆ ತಲೆಯಿಟ್ಟವರಿಗೆ ಬೆಳಕಿನ ಮಿಣುಕು ಕಾಣುವುದನ್ನು ವರದಿಮಾಡಿದ. ೧೯೮೫ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಂಥೊನಿ ಬಾರ್ಕರ್ ಮತ್ತು ಸಂಗಡಿಗರು ನೆತ್ತಿಯ ಬಳಿ ಹಿಡಿದ ಸುರುಳಿಯಿಂದ, ನೋವಿಲ್ಲದೆ, ಕೈಬೆರಳುಗಳು ಅದುರುವಂತೆ ಮಾಡಿದರು. ಔಷಧಕ್ಕೆ ಬಗ್ಗದ ಖಿನ್ನತೆಗೆ ಈ ರೀತಿಯ ಚಿಕಿತ್ಸೆ ನೀಡುವ ಯಂತ್ರಕ್ಕೆ ಅಮೆರಿಕದ ಸರಕಾರ ೨೦೦೮ರಲ್ಲಿ ಒಪ್ಪಿಗೆಯಿತ್ತಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಈ ಚಿಕಿತ್ಸೆ ದೊರೆಯುತ್ತದೆ.

ಅದರ ಬಲ ಒಂದೂವರೆಯಿಂದ ಎರಡು ಟೆಸ್ಲಾದಷ್ಟು. ಒಂದೊಂದು ಮಿಡಿತವೂ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಆರು ವಾರ ಹೋಗಬೇಕು. ತಲೆಯಲ್ಲಿ ಲೋಹದ ಚೂರು ಇದೆಯೆ, ಅಪಸ್ಮಾರವಿದೆಯೆ ಎಂದು ಮೊದಲೇ ವಿಚಾರಿಸುತ್ತಾರೆ. ಅಪರೂಪವಾಗಿ ಫಿಟ್ಸ್ ಬರುವುದುಂಟು. ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಈ ಚಿಕಿತ್ಸೆಯನ್ನು ಪರೀಕ್ಷಿಸುವಾಗ ಕೆಲವು ರೋಗಿಗಳಿಗೆ, ಅದರಂತೆಯೇ ಸದ್ದುಮಾಡುವ, ಆದರೆ ಮಿದುಳಿಗೆ ಏನನ್ನೂ ಕಳಿಸದ ಹುಸಿ ಸುರುಳಿಯನ್ನು ಹಿಡಿಯುತ್ತಾರೆ. ಹುಸಿಯದಕ್ಕಿಂತ ನಿಜವಾದದ್ದು ಮೇಲೆನಿಸಿದರೆ ಮಾತ್ರ ಅದಕ್ಕೆ ಬೆಲೆ. ಹೇಗಾರ್ತನ ಮರದ ಕಡ್ಡಿ ಇನ್ನೂರು ವರ್ಷಗಳ ಮೇಲೆಯೂ ಕೆಲಸ ಮಾಡುತ್ತಿದೆ!

ಮನೆಯಲ್ಲಿ ಮಾಡಿಕೊಂಡ ಮಾತ್ರಕ್ಕೆ ಎಲ್ಲವೂ ಹುಸಿ ಎಂದೂ ತಿಳಿಯಬಾರದು. ಕೂಡದೆ ಉಳಿದ ಮೂಳೆಮುರಿತಕ್ಕೆ ಮಿಡಿಯುವ ಅಯಸ್ಕಾಂತಕ್ಷೇತ್ರದ ಉಪಕರಣಗಳನ್ನು ಅಮೆರಿಕದಲ್ಲಿ ೧೯೭೯ರಲ್ಲಿ ಅಂಗೀಕರಿಸಿದರು. ರೋಗಿಗಳು ಅವನ್ನು ದಿನವೂ ಮನೆಯಲ್ಲೇ ಕಟ್ಟಿಕೊಳ್ಳುತ್ತಾರೆ. ಆದರೆ ಎಕ್ಸ್‌ರೇ ನೋಡಿ ಬರೆದುಕೊಟ್ಟವರು ವೈದ್ಯರು. ಕೂಡಿತೇ ಇಲ್ಲವೇ ಎಂದು ಮತ್ತೆ ನೋಡುವವರೂ ಅವರೇ. ಆದುದರಿಂದ ವ್ಯತ್ಯಾಸ ಮನೆಯ ಗೋಡೆಗೂ ಆಸ್ಪತ್ರೆಯ ಗೋಡೆಗೂ ಇರುವಂಥದಲ್ಲ. ಹಿಡಿದ ವಸ್ತು ಏನು ಮಾಡುತ್ತದೆಂದು ಬಲ್ಲವರು ಒಬ್ಬರಿದ್ದಾರೆಯೆ, ಅದು ಫಲಿಸದಿದ್ದರೆ ಅದನ್ನು ಒಪ್ಪಿಕೊಳ್ಳುವ ಏರ್ಪಾಡು ಇದೆಯೆ ಎಂಬುದೇ ವ್ಯತ್ಯಾಸ. ಇವೆರಡೂ ಇಲ್ಲದ ವೃತ್ತಿಗಾರನ ಕೋಣೆಯೂ ಉಂಟು. ಮೆಸ್ಮರನ ತೊಟ್ಟಿ ಅಂಥದೇ ಆಗಿತ್ತು.

ಇನ್ನು ರಕ್ತದ ಕಬ್ಬಿಣದ ಮಾತು. ಅದು ಮೊಳೆಯ ಕಬ್ಬಿಣವಲ್ಲ. ಹೀಮೊಗ್ಲೋಬಿನ್ನಿನಲ್ಲಿ ಬಿಡಿ ಬಿಡಿ ಪರಮಾಣುಗಳಾಗಿ ಬೆಸೆದುಕೊಂಡಿರುವಂಥದು. ೧೯೩೬ರಲ್ಲಿ ಲೈನಸ್ ಪೌಲಿಂಗ್ ಮತ್ತು ಚಾರ್ಲ್ಸ್ ಕೋರಿಯೆಲ್, ಆಮ್ಲಜನಕ ಹೊತ್ತ ರಕ್ತವನ್ನು ಅಯಸ್ಕಾಂತ ಎಳೆಯುವುದಿಲ್ಲ, ತೀರ ಕ್ಷೀಣವಾಗಿ ತಳ್ಳುತ್ತದೆಂದು ತೋರಿಸಿದರು. ಇದನ್ನು ನಂಬಲು ಪ್ರಯೋಗಶಾಲೆಯೂ ಬೇಡ. ಎಂಆರ್‌ಐ ಯಂತ್ರದ ಒಂದೂವರೆ ಟೆಸ್ಲಾ ಬಲ ಭೂಮಿಯ ಅಯಸ್ಕಾಂತಬಲಕ್ಕಿಂತ ಸುಮಾರು ಮೂವತ್ತು ಸಾವಿರ ಪಟ್ಟು ಹೆಚ್ಚು. ಅಮ್ಮ ಅದರೊಳಗೆ ಒಮ್ಮೆ ಅರ್ಧ ಗಂಟೆ ಮಲಗಿ ಬಂದಿದ್ದಾರೆ. ಅವರ ರಕ್ತ ಎತ್ತಲೂ ಓಡಲಿಲ್ಲ, ಮಂಡಿನೋವೂ ಹೋಗಲಿಲ್ಲ.

ಸಂಜೆಯ ಅರ್ಧ ಗಂಟೆ

ಇಷ್ಟನ್ನೂ ಓದಿಕೊಂಡು, ಒಂದು ಭಾನುವಾರ ಅಮ್ಮನ ಮುಂದೆ ಪಾಠ ಒಪ್ಪಿಸಿದೆ. ಅವರು ಅವರೆಕಾಯಿ ಬಿಡಿಸುತ್ತ ಕೇಳಿಸಿಕೊಂಡರು. ಅಪ್ಪನ ಜೇಬಿನ ಸಂಗತಿ ಕೇಳಿದ ದಿನವೇ ಅವರು ಅಯಸ್ಕಾಂತಗಳನ್ನು ಎದುರು ಮನೆಗೆ ಹಿಂದಿರುಗಿಸಿದ್ದರು. ಆ ಬಗ್ಗೆ ಚರ್ಚೆಯೇ ಇರಲಿಲ್ಲ. ನನ್ನ ಪಾಠ ಮುಗಿದ ಮೇಲೆ ಅವರು ಹೇಳಿದ್ದಿಷ್ಟು:

“ನೀನು ಹೇಳೋದೆಲ್ಲ ಸರಿ ಇರಬಹುದು ಕಣೋ. ಆದರೆ ದಿನಾ ಸಂಜೆ ಆಕೆ ಬಂದು, ಪಟ್ಟಿ ಕಟ್ಟಿ, ಕಾಲು ತೊಡೆಯ ಮೇಲಿಟ್ಟುಕೊಂಡು ಅರ್ಧ ಗಂಟೆ ಮಾತಾಡಿಸಿ ಹೋಗೋಳು. ನಿಮ್ಮಪ್ಪ ಅದನ್ನ ಜೋಪಾನವಾಗಿ ತಂದುಕೊಡೋರು. ಈಗ ಅದೂ ಇಲ್ಲ.”

ದೆಲೋನನ ಪ್ರಶ್ನೆಗೆ ಉತ್ತರ ಪುಸ್ತಕಗಳಲ್ಲಿ ಸಿಗದಿದ್ದದ್ದು ಅವರೆಕಾಯಿಯ ಮೊರದ ಮುಂದೆ ಸಿಕ್ಕಿತು. ಹನ್ನೆರಡು ವರ್ಷಗಳಲ್ಲಿ ಅಮ್ಮನ ಮಂಡಿಗೆ ನಾನು ತಂದುಕೊಟ್ಟ ಔಷಧಗಳಿಗೆ ಲೆಕ್ಕವಿಲ್ಲ. ಅದನ್ನು ಒಂದು ಸಂಜೆಯಾದರೂ ಕೈಯಿಂದ ಮುಟ್ಟಿ ನೋಡಿರಲಿಲ್ಲ. ಅಯಸ್ಕಾಂತ ಮಾಡದ ಕೆಲಸವನ್ನು ಎದುರು ಮನೆಯಾಕೆಯ ಕೈ ಮಾಡಿತ್ತು. ಅದಕ್ಕೆ ಕಲ್ಲೂ ಬೇಡ, ಪಟ್ಟಿಯೂ ಬೇಡ, ಸುಳ್ಳೂ ಬೇಡ.

ಈಗ ಮೂಳೆವೈದ್ಯರು ಹೇಳಿಕೊಟ್ಟ ವ್ಯಾಯಾಮವೊಂದಿದೆ: ಕಾಲನ್ನು ನೀಡಿ, ಮಂಡಿಯ ಕೆಳಗೆ ಸುತ್ತಿದ ಟವಲು ಇಟ್ಟು, ಒತ್ತಿ ಹಿಡಿದು ಹತ್ತು ಎಣಿಸುವುದು. ಸಂಜೆ ಕಾಲೇಜಿನಿಂದ ಬಂದ ಮೇಲೆ ಎಣಿಸುವ ಕೆಲಸ ನನ್ನದು. ಎದುರು ಮನೆಯಾಕೆಯೂ ಬರುತ್ತಾರೆ. ಅವರ ಸೊಂಟಕ್ಕೂ ವೈದ್ಯರು ಒಂದು ವ್ಯಾಯಾಮ ಹೇಳಿಕೊಟ್ಟಿದ್ದಾರೆ. ನೆಂಟ ಇನ್ನೂ ಹೊರಟಿಲ್ಲ. ಆದರೆ ಮೊದಲಿನಷ್ಟು ಸದ್ದು ಮಾಡುವುದಿಲ್ಲ. ಅಪ್ಪ ಕುರ್ಚಿಯಲ್ಲಿ ಕುಳಿತು, ಎಣಿಕೆ ತಪ್ಪಿದಾಗಲೆಲ್ಲ ತಿದ್ದುತ್ತಾರೆ. ಅವರ ಎಡ ಜೇಬಿನಲ್ಲಿ ಈಗ ಕನ್ನಡಕದ ಪೆಟ್ಟಿಗೆಯೊಂದು ಮಾತ್ರ ಇದೆ. ಅದರ ಮುಚ್ಚಳಕ್ಕೆ ಅಯಸ್ಕಾಂತವಿಲ್ಲವೆಂದು ನಾನು ಗುಂಡುಸೂಜಿ ಹಿಡಿದು ನೋಡಿದ್ದೇನೆ.